ದೊಡ್ಡ ಸ್ವಾಮಿಯವರು: ಅಬ್ಬೆ ದ್ಯುಬುವಾ ಮತ್ತು ಅವರು ಕಂಡ ಹಸಿವು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಹಿಂದಿನ ಕಾಲದ ಒಬ್ಬ ಪ್ರೇಷಿತ ಗುರುವಿನ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿಕೊಂಡಾಗ ನಮ್ಮ ಮನಸ್ಸಿಗೆ ಮೊದಲು ಬಂದ ಹೆಸರು ಅಬ್ಬೆ ದ್ಯುಬುವಾ ಅವರದು. ಇದನ್ನು ಕೇಳಿ ಕೆಲವರು ಹುಬ್ಬೇರಿಸಿದರು. ಅವರ ಆಕ್ಷೇಪಣೆ ನ್ಯಾಯವಾದುದೇ. ಅಬ್ಬೆಯವರ ಸೇವಾಕ್ಷೇತ್ರ ಶ್ರೀರಂಗಪಟ್ಟಣ, ಮೈಸೂರು, ಹಾಸನಗಳ ಕಡೆಯದು. ಮೊಳಕಾಲ್ಮೂರಿನ ಬಂಡೆಗುಡ್ಡಗಳ ನಾಡಿನದಲ್ಲ. ಅವರು ಈ ದೇಶವನ್ನು ಬಿಟ್ಟು ಹೋಗಿ ಇನ್ನೂರು ವರ್ಷಗಳ ಮೇಲಾಯಿತು. ಆದರೂ ನಾವು ನಮ್ಮ ಆಯ್ಕೆಯನ್ನು ಬದಲಿಸಲಿಲ್ಲ. ನಮ್ಮದು ಮಗ್ಗದ ಊರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದ ಮನೆ ಕನ್ನಡ ನಾಡಿನಲ್ಲಿ ವಿರಳ. ಆ ಸೀರೆಯನ್ನು ನೇಯ್ದವನ ಮನೆಯ ಒಲೆಯ ಸಂಗತಿಯನ್ನು ಬಲ್ಲವರು ಅದಕ್ಕಿಂತಲೂ ವಿರಳ. ಭಾರತದ ನೇಕಾರನ ಮನೆಯ ಒಲೆ ಏಕೆ ಆರಿತು ಎಂಬುದನ್ನು ಕಣ್ಣಾರೆ ಕಂಡು, ಅದರ ಕಾರಣವನ್ನು ಹುಡುಕಿ ಬರೆದಿಟ್ಟವರ ಸಾಲಿನಲ್ಲಿ ಬಹು ಮುಂಚಿನವರೊಬ್ಬರು ಕಥೋಲಿಕ ಗುರುವಾಗಿದ್ದರೆಂಬುದು ನಮ್ಮ ಜನರಿಗೆ ತಿಳಿದಿರಬೇಕೆಂದು ನಮಗೆ ತೋರಿತು.

ಜಾನ್ ಆಂತ್ವಾನ್ ದ್ಯುಬುವಾ ಅವರು ಫ್ರಾನ್ಸ್ ದೇಶದ ದಕ್ಷಿಣ ಭಾಗದ ಆರ್ದೆಶ್ ಪ್ರಾಂತ್ಯದ ಸೇಂತ್ ರೆಮೇಜ್ ಎಂಬ ಗ್ರಾಮದಲ್ಲಿ 1766ನೆಯ ಇಸವಿಯ ಜನವರಿಯಲ್ಲಿ ಜನಿಸಿದರು. ವಿವಿಯೇ ಧರ್ಮಪ್ರಾಂತದಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ 1792ರಲ್ಲಿ ಗುರುದೀಕ್ಷೆಯನ್ನು ಪಡೆದರು. ಆ ವರ್ಷ ಎಂತಹುದು ಎಂಬುದನ್ನು ಓದುಗರು ಗಮನಿಸಬೇಕು. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಜ್ವಾಲೆ ಏರುತ್ತಿದ್ದ ಕಾಲವದು. ಗುರುಗಳೆಂಬ ಕಾರಣದಿಂದಲೇ ಜನರು ಸೆರೆಮನೆಗಳಲ್ಲಿ ಕೊಲೆಯಾಗುತ್ತಿದ್ದರು. ಯುವಕ ದ್ಯುಬುವಾ ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಸ್ಥೆಯನ್ನು ಸೇರಿ ಅದೇ ವರ್ಷ ಹಡಗನ್ನೇರಿ ಪುದುಚೇರಿಗೆ ಬಂದರು. ಸ್ವದೇಶದಲ್ಲೇ ಉಳಿದಿದ್ದರೆ ತಮ್ಮ ಕೆಲವು ಸ್ನೇಹಿತರಿಗಾದ ಗತಿಯೇ ತಮಗೂ ಆಗುತ್ತಿತ್ತೆಂದು ಅವರು ಮುಂದೆ ಹೇಳಿಕೊಂಡದ್ದುಂಟು. ಆಗ ಅವರಿಗೆ ಇಪ್ಪತ್ತಾರು ವರ್ಷ ವಯಸ್ಸು. ಮುಂದಿನ ಮೂವತ್ತೊಂದು ವರ್ಷಗಳ ಕಾಲ ಅವರು ಫ್ರಾನ್ಸಿನ ಮಣ್ಣನ್ನು ಮೆಟ್ಟಲಿಲ್ಲ.

ಪುದುಚೇರಿಯ ಪ್ರೇಷಿತ ಕ್ಷೇತ್ರ ಆ ಕಾಲದಲ್ಲಿ ಬಹಳ ಸೊರಗಿತ್ತು. 1773ರಲ್ಲಿ ಯೇಸುಸಭೆಯನ್ನು ರದ್ದುಗೊಳಿಸಿದ ಮೇಲೆ ಆ ಸಭೆಯ ಗುರುಗಳು ನಡೆಸಿಕೊಂಡು ಬಂದಿದ್ದ ಕ್ಷೇತ್ರಗಳು ಪ್ಯಾರಿಸ್ಸಿನ ಸಂಸ್ಥೆಯ ಕೈಗೆ ಬಂದಿದ್ದವು. ಗುರುಗಳು ಕೆಲವೇ ಮಂದಿ, ಊರುಗಳು ಅನೇಕ. ಯುರೋಪಿನಿಂದ ಬರಬೇಕಾದ ಹಣವೂ ಕ್ರಾಂತಿಯ ಕಾರಣದಿಂದ ನಿಂತುಹೋಗಿತ್ತು. ಹೀಗೆ ಬಡವರ ನಡುವೆ ಬಡವನಾಗಿಯೇ ಬದುಕುವ ಅನಿವಾರ್ಯತೆ ಅವರಿಗೆ ಒದಗಿತು. ಆದರೆ ಅವರು ಅದನ್ನು ಅನಿವಾರ್ಯತೆಯೆಂದು ಭಾವಿಸದೆ ತಮ್ಮ ನಿಯಮವನ್ನಾಗಿ ಮಾಡಿಕೊಂಡರು. ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಉದ್ದನೆಯ ಗಡ್ಡ, ಕೈಯಲ್ಲಿ ಬಿದಿರಿನ ಕೋಲು. ಮಾಂಸಾಹಾರವನ್ನು ತ್ಯಜಿಸಿ ಜನರು ಉಣ್ಣುವುದನ್ನೇ ಉಂಡರು, ಅವರು ಕೂರುವ ನೆಲದ ಮೇಲೆಯೇ ಕುಳಿತರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಇದೇ ವೇಷದಲ್ಲಿ ಅವರ ಭಾವಚಿತ್ರವನ್ನು ಬರೆದಿದ್ದಾನೆ. ಮೈಸೂರು ಸೀಮೆಯ ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಆ ಹೆಸರು ಅವರು ಹೋದ ಮೇಲೆ ಎರಡು ಮೂರು ತಲೆಮಾರುಗಳವರೆಗೂ ಹಳ್ಳಿಗಳಲ್ಲಿ ಉಳಿದಿತ್ತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದ ಮೇಲೆ ಅಬ್ಬೆಯವರು ಮೈಸೂರು ಸೀಮೆಗೆ ಬಂದರು. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಜಗತ್ಪ್ರಸಿದ್ಧನಾದ ಕರ್ನಲ್ ವೆಲ್ಲೆಸ್ಲಿಯೇ ಅವರನ್ನು ಕರೆಸಿಕೊಂಡನೆಂದು ಹೇಳಲಾಗುತ್ತದೆ. ಯುದ್ಧಕಾಲದಲ್ಲಿ ಚದುರಿಹೋಗಿದ್ದ, ಕೆಲವರು ಬಲಾತ್ಕಾರದಿಂದ ಧರ್ಮವನ್ನು ಬಿಡಬೇಕಾಗಿ ಬಂದಿದ್ದ ಕ್ರೈಸ್ತ ಕುಟುಂಬಗಳನ್ನು ಒಂದುಗೂಡಿಸುವುದು ಅವರ ಮೊದಲ ಕೆಲಸವಾಯಿತು. ಆದರೆ ಅವರನ್ನು ಎದುರುಗೊಂಡದ್ದು ಬರಿಯ ವಿಶ್ವಾಸದ ಪ್ರಶ್ನೆಯಲ್ಲ. ಮೂವತ್ತು ವರ್ಷಗಳ ಅವಧಿಯಲ್ಲಿ ನಾಲ್ಕು ಯುದ್ಧಗಳನ್ನು ಕಂಡ ನಾಡು ಅದು. ದಂಡು ಹೋದ ದಾರಿಯಲ್ಲಿ ದನಗಳು ಉಳಿಯಲಿಲ್ಲ, ಕೆರೆಯ ಏರಿಗಳು ಒಡೆದಿದ್ದವು, ಬಿತ್ತನೆಗೆ ಕಾಳಿಲ್ಲದೆ ಹೊಲಗಳು ಬೀಳಾಗಿದ್ದವು. ಕಂಪನಿ ಸರಕಾರದ ಆಜ್ಞೆಯಂತೆ ಸಂಸ್ಥಾನದ ಸ್ಥಿತಿಯನ್ನು ಪರಿಶೀಲಿಸಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಚಿತ್ರದುರ್ಗದ ಸೀಮೆಯನ್ನು ಹಾದು ಹಿರಿಯೂರಿಗೆ ಬಂದಾಗ ಪಾಳುಬಿದ್ದ ಹಳ್ಳಿಗಳನ್ನೇ ಮತ್ತೆ ಮತ್ತೆ ಕಂಡನು. ಇಂತಹ ಸಂಸ್ಥಾನವು ಹೊಸ ಒಪ್ಪಂದದ ಪ್ರಕಾರ ವರ್ಷಕ್ಕೆ ಏಳು ಲಕ್ಷ ವರಹಗಳನ್ನು, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕಂಪನಿಗೆ ಪೊಗದಿಯಾಗಿ ಕಟ್ಟಬೇಕಾಗಿತ್ತು. ದಿವಾನ್ ಪೂರ್ಣಯ್ಯನವರು ಎಷ್ಟೇ ದಕ್ಷರಾಗಿದ್ದರೂ ಆ ಹಣವೆಲ್ಲ ಕೊನೆಗೆ ರೈತನ ಕಣದಿಂದಲೇ ಬರಬೇಕಷ್ಟೆ. ದೇಶದ ಬೊಕ್ಕಸದ ಕಷ್ಟ ಬಡವನ ಗಂಗಳದಲ್ಲಿ ಕಾಣಿಸಿಕೊಳ್ಳುವುದಕ್ಕೆ ತಡವಾಗುವುದಿಲ್ಲ.

ಈ ಪರಿಸ್ಥಿತಿಯಲ್ಲಿ ಅಬ್ಬೆಯವರು ಕೈಗೊಂಡ ಕಾರ್ಯವು ನಮ್ಮ ದೃಷ್ಟಿಯಲ್ಲಿ ಅವರ ಜೀವನದ ಶ್ರೇಷ್ಠ ಕಾರ್ಯ. ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗೆ ಭಿಕ್ಷೆಯನ್ನು ಹಂಚುತ್ತಾ ಕೂರದೆ ಅವರನ್ನು ನೆಲದ ಮೇಲೆ ನಿಲ್ಲಿಸಬೇಕೆಂದು ಅವರು ಸಂಕಲ್ಪಿಸಿದರು. ಬೇಸಾಯದ ವಸತಿಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಸಮೀಪದ ಸಾತಳ್ಳಿ. ಒಂದು ಎತ್ತು, ಒಂದು ನೇಗಿಲು, ಮಳೆ ಬರುವ ತನಕ ಹೊಟ್ಟೆಗೆ ಹಿಡಿ ರಾಗಿ ಇವು ಇಲ್ಲದವನಿಗೆ ನೆಲವಿದ್ದೂ ಇಲ್ಲದಂತೆ ಎಂಬುದು ನಮ್ಮ ಬಯಲುಸೀಮೆಯ ಯಾವ ರೈತನಿಗೂ ಹೇಳಿಕೊಡಬೇಕಾದ ಮಾತಲ್ಲ. ವಲಸೆ ಹೋದವರನ್ನು ಕರೆತಂದು ಒಂದು ಕಡೆ ನೆಲೆಗೊಳಿಸಿ ಮೊದಲ ಬೆಳೆ ಕೈಗೆ ಬರುವವರೆಗೆ ಹಿಡಿದಿಡುವುದೇ ಇಂತಹ ವಸತಿಗಳ ಕಠಿಣವಾದ ಭಾಗ. ಸುತ್ತಮುತ್ತಲಿನ ಗ್ರಾಮಗಳೂ ಕಾಲಕ್ರಮದಲ್ಲಿ ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿ ಸಾತಳ್ಳಿಯು ಆ ಭಾಗದ ಧರ್ಮಸಭೆಯ ಬೇರಾಯಿತು. ಗುರುವಾದವನು ಮೊದಲು ದೇವಾಲಯದ ಅಸ್ತಿಭಾರವನ್ನು ಅಗೆಯಬೇಕೋ, ಬಾವಿಯನ್ನು ಅಗೆಯಬೇಕೋ ಎಂಬ ಪ್ರಶ್ನೆ ನಮ್ಮ ಗುರುಮಠದ ದಿನಗಳಲ್ಲಿ ಸಹಪಾಠಿಗಳ ನಡುವೆ ಬಹಳ ಬಿಸಿಯಾಗಿ ಚರ್ಚೆಯಾಗುತ್ತಿತ್ತು. ಸಾತಳ್ಳಿಯ ಸಂಗತಿಯನ್ನು ನಾವು ಆಗ ತಿಳಿದಿರಲಿಲ್ಲ; ತಿಳಿದಿದ್ದರೆ ಆ ಚರ್ಚೆ ಬೇಗ ಮುಗಿಯುತ್ತಿತ್ತೇನೋ.

ಎರಡನೆಯ ಕಾರ್ಯ ಸಿಡುಬಿನ ವಿರುದ್ಧ ನಡೆಸಿದ ಹೋರಾಟ. ಗೋವಿನ ಸಿಡುಬಿನ ರಸದಿಂದ ದೇವಿ ಹಾಕುವ ಜೆನ್ನರ್ ಪಂಡಿತನ ವಿಧಾನವು ಇಂಗ್ಲೆಂಡಿನಲ್ಲಿ 1796ರಲ್ಲಿ ಕಂಡುಬಂದು 1802ರಲ್ಲಿ ಮುಂಬಯಿಯನ್ನು ಮುಟ್ಟಿತ್ತು. ಆ ದಿನಗಳಲ್ಲಿ ಇಂದಿನಂತೆ ಸೀಸೆಯಲ್ಲಿ ತುಂಬಿದ ಔಷಧವಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತಾ ಊರಿನಿಂದ ಊರಿಗೆ ಸರಪಳಿಯಂತೆ ಸಾಗಿಸಬೇಕಾಗಿತ್ತು. ಸರಪಳಿ ಎಲ್ಲಿ ಕಡಿಯಿತೋ ಅಲ್ಲಿಗೆ ಕೆಲಸ ನಿಂತಂತೆ. ಸಿಡುಬನ್ನು ಅಮ್ಮನೆಂದು ಭಾವಿಸಿ ಅಂಜುವ ಜನ ತಮ್ಮ ಮಕ್ಕಳ ತೋಳನ್ನು ಪರದೇಶಿಯರ ಕೈಗೆ ಒಪ್ಪಿಸುವುದು ಸುಲಭದ ಮಾತಲ್ಲ. ದೊಡ್ಡ ಸ್ವಾಮಿಯವರ ಮೇಲಿನ ನಂಬಿಕೆ ಇಲ್ಲಿ ಕೆಲಸ ಮಾಡಿತು. 1803-04ರ ಕೆಲವೇ ತಿಂಗಳುಗಳಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ದೇವಿ ಹಾಕಲಾಯಿತೆಂದು ಲೆಕ್ಕವಿದೆ. ಇದನ್ನು ಹಸಿವಿನ ಮಾತಿನ ನಡುವೆ ಏಕೆ ತಂದಿರೆಂದು ಕೇಳಬಹುದು. ಸಿಡುಬು ಕೊಂದವರಿಗಿಂತ ಉಳಿಸಿಹೋದವರ ಕಷ್ಟವನ್ನು ನೆನೆಯಿರಿ. ಅದು ಕಣ್ಣುಗಳನ್ನು ತೆಗೆಯುತ್ತಿತ್ತು. ಕಣ್ಣು ಹೋದ ನೇಕಾರ ಎಳೆಯನ್ನು ಕಾಣಲಾರ, ಕಣ್ಣು ಹೋದ ಆಳು ಕಳೆ ಕೀಳಲಾರ. ಕಾಯಿಲೆಯು ಬಡತನಕ್ಕೆ ತೆರೆದಿಟ್ಟ ಬಾಗಿಲಾಗಿತ್ತು.

ಇಷ್ಟೆಲ್ಲ ಕೆಲಸಗಳ ನಡುವೆ ಅವರು ಬರೆಯುತ್ತಲೂ ಇದ್ದರು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಸ್ಥಾನದಲ್ಲಿದ್ದ ಮೇಜರ್ ವಿಲ್ಕ್ಸ್ ಶಿಫಾರಸು ಮಾಡಲಾಗಿ, ಲಾರ್ಡ್ ವಿಲಿಯಂ ಬೆಂಟಿಂಕನ ಕಾಲದಲ್ಲಿ ಮದರಾಸಿನ ಸರಕಾರವು ಎರಡು ಸಾವಿರ ವರಹಗಳಿಗೆ ಕೊಂಡುಕೊಂಡಿತು. ಅಂದಿನ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿ. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದವೂ, 1825ರಲ್ಲಿ ಪ್ಯಾರಿಸ್ಸಿನಲ್ಲಿ ತಿದ್ದಿದ ಫ್ರೆಂಚ್ ಮೂಲವೂ ಪ್ರಕಟವಾದವು. 1897ರಲ್ಲಿ ಬ್ಯೂಚಾಂಪ್ ಎಂಬವರ ಹೊಸ ಇಂಗ್ಲಿಷ್ ಅನುವಾದ ಬಂದ ಮೇಲೆ ಅದು ಎಲ್ಲರ ಕೈಗೂ ಸಿಕ್ಕಿತು. ಈ ಗ್ರಂಥದ ವಿಷಯದಲ್ಲಿ ಸತ್ಯವನ್ನು ಮರೆಮಾಚುವುದು ನಮಗೆ ಸಲ್ಲದು. ಅದರಲ್ಲಿ ನಮ್ಮ ಜನರ ಬಗ್ಗೆ ಕಹಿಯಾದ, ಏಕಪಕ್ಷೀಯವಾದ ಮಾತುಗಳು ಬಹಳ ಇವೆ. ಅದಕ್ಕಿಂತ ಮುಖ್ಯವಾಗಿ, ಅದರ ಬಹುಪಾಲು ಪುದುಚೇರಿಯ ಯೇಸುಸಭೆಯ ಗುರು ಕೇರ್ದೂ ಅವರ ಹಳೆಯ ಬರಹವೊಂದನ್ನು ಆಧರಿಸಿದ್ದೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಸಿದ್ಧಪಡಿಸಿದರು. ಕೇರ್ದೂ ಅವರ ಹೆಸರನ್ನು ಅಬ್ಬೆಯವರು ಎಲ್ಲಿಯೂ ಹೇಳಲಿಲ್ಲ. ಇದು ದೋಷವೇ ಸರಿ. ಗುರುವಿನ ದೋಷವೆಂದು ಅದು ಚಿಕ್ಕದಾಗುವುದಿಲ್ಲ.

ಆದರೆ ಆ ಗ್ರಂಥದಲ್ಲಿ ಒಂದು ಅಧ್ಯಾಯವಿದೆ. ಅದು ಬಡತನವನ್ನು ಕುರಿತದ್ದು. ಕೇರ್ದೂ ಅವರು ತೀರಿಕೊಂಡದ್ದು 1779ರಲ್ಲಿ. ಈ ಅಧ್ಯಾಯದಲ್ಲಿ ಹೇಳಿರುವ ಸಂಗತಿಗಳು ಅವರ ಮರಣಾನಂತರ ಮೂವತ್ತು ನಲವತ್ತು ವರ್ಷಗಳ ಮೇಲೆ ಘಟಿಸಿದವು. ಆದುದರಿಂದ ಇಲ್ಲಿ ನೋಡಿದ ಕಣ್ಣು ಅಬ್ಬೆಯವರದೇ ಎಂಬುದರಲ್ಲಿ ಸಂದೇಹವಿಲ್ಲ.

ಅವರು ಜನರನ್ನು ಜಾತಿಯಿಂದಲ್ಲದೆ ಆಸ್ತಿಯಿಂದ ವಿಂಗಡಿಸುತ್ತಾರೆ. ಅತ್ಯಂತ ಕೆಳಗಿನ ವರ್ಗದವರಿಗೆ ಇರುವುದೆಲ್ಲವನ್ನೂ ಮಾರಿದರೂ ಐದು ಪೌಂಡು ಹುಟ್ಟುವುದಿಲ್ಲ. ಇಂತಹವರು ಜನಸಂಖ್ಯೆಯ ಇಪ್ಪತ್ತು ಪಾಲಿನಲ್ಲಿ ಒಂಬತ್ತು ಪಾಲು, ಬಹುಶಃ ಅರ್ಧದಷ್ಟೇ ಇರಬಹುದೆಂದು ಅವರ ಅಂದಾಜು. ಅದರ ಮೇಲಿನ ವರ್ಗದವರಿಗೆ ಇಪ್ಪತ್ತೈದು ಪೌಂಡಿನವರೆಗೆ ಆಸ್ತಿ. ಇವರು ಇಪ್ಪತ್ತರಲ್ಲಿ ಆರು ಪಾಲು. ಹೀಗೆ ಎರಡೇ ವರ್ಗಗಳಲ್ಲಿ ಮುಕ್ಕಾಲು ಪಾಲು ಜನ ಮುಗಿದುಹೋಗುತ್ತಾರೆ. ಕೆಳಗಿನವರು ಕೂಲಿಯಿಂದ ಬದುಕುವವರು. ವರ್ಷದ ಕೆಲವು ತಿಂಗಳು ಒರಟು ಧಾನ್ಯದ ಊಟ. ಧಾನ್ಯ ಮುಗಿದ ಮೇಲೆ ಹೊಸ ಬೆಳೆ ಬರುವವರೆಗೆ ಕಾಡಿನ ಸೊಪ್ಪು, ಗೆಡ್ಡೆ, ಬೇಲಿಯ ಚಿಗುರು. ಇದು ಬರಗಾಲದ ವರ್ಣನೆಯಲ್ಲ. ಮಳೆ ಬೆಳೆ ಸರಿಯಾಗಿರುವ ವರ್ಷದ ವರ್ಣನೆ ಎಂಬುದನ್ನು ಮರೆಯಬಾರದು.

ಬಡತನ ಹೆಚ್ಚುವುದಕ್ಕೆ ಜನಸಂಖ್ಯೆಯ ಏರಿಕೆಯನ್ನು ಅವರು ಮೊದಲ ಕಾರಣವೆಂದು ಕೊಡುತ್ತಾರೆ. ಮೈಸೂರು, ಬಾರಾಮಹಲ್, ಕೊಯಮತ್ತೂರು ಸೀಮೆಗಳ ಬಡ ಕ್ರೈಸ್ತರು ಇಪ್ಪತ್ತೈದು ವರ್ಷಗಳಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿದರೆಂದು ತಮ್ಮ ಸ್ವಂತ ಅನುಭವದಿಂದ ಹೇಳುತ್ತಾರೆ. ಸಾವಿರಾರು ಮಕ್ಕಳನ್ನು ಸಿಡುಬಿನಿಂದ ಉಳಿಸಿದವರೇ ಜನ ಹೆಚ್ಚಿದರೆಂದು ಚಿಂತಿಸುವುದನ್ನು ಓದುವಾಗ ನಮಗೆ ಒಂದು ಬಗೆಯ ಕಸಿವಿಸಿಯಾಗುತ್ತದೆ. ಅವರ ಲೆಕ್ಕ ತಪ್ಪಲ್ಲದಿರಬಹುದು. ಆದರೆ ಉಣ್ಣುವ ಬಾಯಿಯ ಜೊತೆಗೆ ದುಡಿಯುವ ಎರಡು ಕೈಗಳೂ ಹುಟ್ಟುತ್ತವೆ. ಆ ಕೈಗಳಿಗೆ ಕೆಲಸವನ್ನು ಕಸಿದುಕೊಂಡವರು ಯಾರು ಎಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅಬ್ಬೆಯವರೇ ಮುಂದಿನ ಪುಟದಲ್ಲಿ ಕೊಡುತ್ತಾರೆ.

ನೂರಾರು ವರ್ಷಗಳಿಂದ ಭಾರತದ ಹತ್ತಿಯ ಬಟ್ಟೆ ಯುರೋಪಿಗೆ ಹೋಗುತ್ತಿತ್ತು. ಕಲ್ಲಿಕೋಟೆಯ ಹೆಸರಿನಿಂದಲೇ ಕ್ಯಾಲಿಕೋ ಎಂಬ ಬಟ್ಟೆಯ ಹೆಸರು ಹುಟ್ಟಿತು. ಆ ಬಟ್ಟೆಯ ಹಿಂದೆ ಇದ್ದವರು ನೇಕಾರರು ಮಾತ್ರವಲ್ಲ. ಒಂದು ಮಗ್ಗ ನಡೆಯಬೇಕಾದರೆ ಹಲವು ರಾಟೆಗಳು ತಿರುಗಬೇಕು. ನೂಲುವವರು ಹೆಂಗಸರು, ಅದರಲ್ಲೂ ಗಂಡನನ್ನು ಕಳೆದುಕೊಂಡವರು, ವಯಸ್ಸಾದವರು, ಹೊಲದ ಕೆಲಸಕ್ಕೆ ಹೋಗಲಾರದವರು. ಹಂಜಿಯನ್ನು ಹಿಡಿದು ಮನೆಯ ಮೂಲೆಯಲ್ಲಿ ಕುಳಿತು ನೂತು, ಸಂತೆಯ ದಿನ ನೂಲನ್ನು ಮಾರಿ ಉಪ್ಪು ಮೆಣಸಿನಕಾಯಿಗೆ ದಾರಿ ಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ನೀರಿನಿಂದಲೂ ಉಗಿಯಿಂದಲೂ ನಡೆಯುವ ಯಂತ್ರಗಳು ಬಂದವು. ಅಲ್ಲಿನ ಸರಕಾರ ನಮ್ಮ ಬಟ್ಟೆಗೆ ಭಾರಿ ಸುಂಕವನ್ನು ಹೇರಿತು. 1813ರ ಶಾಸನದಿಂದ ಭಾರತದ ವ್ಯಾಪಾರದಲ್ಲಿ ಕಂಪನಿಗೆ ಇದ್ದ ಏಕಸ್ವಾಮ್ಯ ಕೊನೆಗೊಂಡು ಅಲ್ಲಿನ ಗಿರಣಿಗಳ ಮಾಲು ತಡೆಯಿಲ್ಲದೆ ಇಲ್ಲಿಗೆ ಹರಿದು ಬಂದಿತು. ಹತ್ತು ವರ್ಷಗಳೊಳಗೆ ವ್ಯಾಪಾರದ ದಿಕ್ಕೇ ತಿರುಗಿತು. ಬಟ್ಟೆಯನ್ನು ಕಳುಹಿಸುತ್ತಿದ್ದ ದೇಶ ಬಟ್ಟೆಯನ್ನು ಕೊಳ್ಳುವ ದೇಶವಾಯಿತು.

ಸ್ವದೇಶಕ್ಕೆ ಮರಳುವ ಮುನ್ನ ಅಬ್ಬೆಯವರು ನೇಕಾರರ ಕೆಲವು ಸೀಮೆಗಳಲ್ಲಿ ಸಂಚರಿಸಿದರು. ಅಲ್ಲಿ ಅವರು ಕಂಡದ್ದು ಇದು: ಮಗ್ಗದ ಮನೆಗಳೆಲ್ಲ ಮುಚ್ಚಿದ್ದವು. ಲಕ್ಷಾಂತರ ನೇಕಾರರು ಹಸಿವಿನಿಂದ ಸಾಯುತ್ತಿದ್ದರು. ನೂಲಿನಿಂದ ಸಂಸಾರವನ್ನು ಸಾಗಿಸುತ್ತಿದ್ದ ಅಸಂಖ್ಯಾತ ವಿಧವೆಯರು ಕೆಲಸವಿಲ್ಲದೆ ನಿರ್ಗತಿಕರಾಗಿದ್ದರು. ಯುರೋಪಿನ ಯಂತ್ರಗಳೇ ಇದಕ್ಕೆ ಕಾರಣವೆಂದು ಅವರು ಸ್ಪಷ್ಟವಾಗಿ ಬರೆದರು. ಈ ಬದಲಾವಣೆಯು ಭಾರತವನ್ನು ಸಂಪೂರ್ಣವಾಗಿ ಹಾಳುಮಾಡುವ ಭಯವಿದೆಯೆಂದೂ ಎಚ್ಚರಿಸಿದರು. ಬರೆದವರು ಯಾರೆಂಬುದನ್ನು ನೆನಪಿಡಬೇಕು. ಅವರು ಯುರೋಪಿಯನ್ನರು. ಕಂಪನಿ ಸರಕಾರದಿಂದ ಗ್ರಂಥಕ್ಕೆ ಹಣವನ್ನು ಪಡೆದವರು, ಆ ಸರಕಾರದ ಆಳ್ವಿಕೆಯನ್ನು ಬೇರೆ ಕಡೆ ಹೊಗಳಿದವರು. ಆದರೂ ಕಂಡದ್ದನ್ನು ನುಂಗಿಕೊಳ್ಳಲಿಲ್ಲ. ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಮೊದಲಾದವರು ಭಾರತದ ಬಡತನದ ಕಾರಣವನ್ನು ಕುರಿತು ಗ್ರಂಥಗಳನ್ನು ಬರೆಯುವುದಕ್ಕೆ ಎಷ್ಟೋ ದಶಕಗಳ ಮುಂಚಿನ ಮಾತಿದು.

ನೇಕಾರರು ಬೇರೆ ವೃತ್ತಿಯನ್ನು ಹಿಡಿಯದೆ ಸತ್ತದ್ದಕ್ಕೆ ಜಾತಿಯ ಕಟ್ಟಳೆಯೇ ಕಾರಣ, ಬೇರೆ ಕೆಲಸವನ್ನು ಮಾಡಿದರೆ ಮಾನಹಾನಿಯೆಂದು ಅವರು ಭಾವಿಸಿದರು ಎಂಬುದು ಅಬ್ಬೆಯವರ ಅಭಿಪ್ರಾಯ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಮೊಳಕಾಲ್ಮೂರಿನಲ್ಲಿ ಕೆಲಕಾಲ ಬಾಳಿದ ನಮಗೆ ಮಿಕ್ಕರ್ಧ ಕಾಣುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಎಂಟನೆಯ ವಯಸ್ಸಿನಿಂದ ಲಾಳಿಯನ್ನು ಎಸೆದವನಿಗೆ ಐವತ್ತನೆಯ ವಯಸ್ಸಿನಲ್ಲಿ ಯಾವ ಹೊಲ, ಯಾವ ನೇಗಿಲು? ಅವನ ಬೆರಳುಗಳು ಒಂದು ಎಳೆ ತಪ್ಪಿದರೆ ಗುರುತಿಸುತ್ತವೆ. ಗುದ್ದಲಿಯನ್ನು ಅವು ಅರಿಯವು. ಹಾಸಿಗೆ ಹೊಕ್ಕಿಗೆ ಸಾಹುಕಾರನಿಂದ ತಂದ ಮುಂಗಡ ತಲೆಯ ಮೇಲೆ ಇರುವಾಗ ಊರನ್ನು ಬಿಟ್ಟು ಹೋಗುವುದೂ ಅವನ ಇಚ್ಛೆಗೆ ಸೇರಿದ್ದಲ್ಲ. 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ನೇಯ್ದ ಸೀರೆಗಳು ಮಡಿಕೆ ಬಿಚ್ಚದೆ ಬೀರುವಿನಲ್ಲಿ ಕುಳಿತಿದ್ದುದನ್ನು ನಾವು ಮನೆಮನೆಯಲ್ಲಿ ಕಂಡಿದ್ದೇವೆ. ಬೀರುವಿನಲ್ಲಿ ಜರಿಯ ಸೆರಗು, ಅಡಿಗೆಮನೆಯಲ್ಲಿ ಸೊಸೈಟಿಯ ಅಕ್ಕಿ. ಆ ಅಕ್ಕಿ ಇದ್ದುದರಿಂದ 1820ರ ಸಾವುಗಳು ಮರುಕಳಿಸಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಆದರೆ ಕೈಮಗ್ಗದ ಸೀರೆಯ ಚಿತ್ತಾರವನ್ನು ವಿದ್ಯುತ್ ಮಗ್ಗದಲ್ಲಿ ಇಳಿಸಿ ಕಾಲುಭಾಗದ ಬೆಲೆಗೆ ಮಾರುವ ವ್ಯಾಪಾರ, ಕೆಲವು ಬಗೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಶಾಸನವಿದ್ದರೂ ನಿಂತಿಲ್ಲ. ಅಬ್ಬೆಯವರು ಹೇಳಿದ ಕಾರಣ ವೇಷ ಬದಲಿಸಿಕೊಂಡು ನಮ್ಮ ಬೀದಿಯಲ್ಲೇ ಇದೆ.

ಅಬ್ಬೆಯವರಲ್ಲಿ ರೈತನ ಹಸಿವಿಗೆ ಉತ್ತರವಿತ್ತು. ನೆಲವನ್ನು ಕೊಡಿಸಿದರು, ಸಾತಳ್ಳಿಯನ್ನು ಕಟ್ಟಿದರು. ನೇಕಾರನ ಹಸಿವಿಗೆ ಅವರಲ್ಲಿ ಉತ್ತರವಿರಲಿಲ್ಲ. ಕಂಡರು, ಮರುಗಿದರು, ಬರೆದರು, ಅಷ್ಟೇ. ಅದಕ್ಕಾಗಿ ಅವರನ್ನು ದೂಷಿಸಲು ನಮಗೆ ಬಾಯಿ ಬರುವುದಿಲ್ಲ. ಸಾವಿರಾರು ಮೈಲಿ ಆಚೆಯ ಗಿರಣಿಯನ್ನು ಒಬ್ಬ ಹಳ್ಳಿಯ ಗುರು ಏನು ಮಾಡಿಯಾನು?

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟು ಹೊರಟರು. ಕಂಪನಿ ಸರಕಾರ ಅವರಿಗೆ ಪಿಂಚಣಿಯನ್ನು ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು ದೊಡ್ಡ ಕೋಲಾಹಲವನ್ನೆಬ್ಬಿಸಿದವು. ಈ ದೇಶದಲ್ಲಿ ಕ್ರೈಸ್ತ ಧರ್ಮದ ಪ್ರಸಾರ ಇನ್ನು ಸಾಧ್ಯವಿಲ್ಲವೆಂದು ಅವರು ಅವುಗಳಲ್ಲಿ ಸಾರಿದರು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಇನ್ನೂರು ಮುನ್ನೂರು ಜನರಿಗೆ ಜ್ಞಾನಸ್ನಾನವನ್ನು ಕೊಟ್ಟಿರಬಹುದು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರು, ಉಳಿದವರೂ ಯಾವುದಾದರೊಂದು ಲಾಭಕ್ಕಾಗಿ ಬಂದವರೇ ಎಂದು ಕಹಿಯಾಗಿ ಬರೆದರು. ಜೇಮ್ಸ್ ಹೌ ಎಂಬ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರು ಮರುವರ್ಷವೇ ಒಂದು ಪುಸ್ತಕವನ್ನು ಬರೆದು ಇದನ್ನು ಖಂಡಿಸಿದರು.

ಈ ಪತ್ರಗಳನ್ನು ಓದುವುದು ನಮ್ಮಂತಹ ಗುರುಗಳಿಗೆ ಸುಲಭವಲ್ಲ. ಹೊಟ್ಟೆಗಾಗಿ ಬಂದವರು ಎಂಬ ಮಾತನ್ನು ನಮ್ಮ ಜನ ಹೊರಗಿನವರ ಬಾಯಿಂದ ಎಷ್ಟು ಸಲ ಕೇಳಿಲ್ಲ? ಅದನ್ನು ನಮ್ಮವರೇ ಆದ ದೊಡ್ಡ ಸ್ವಾಮಿಯವರ ಲೇಖನಿಯಿಂದ ಕೇಳುವುದು ಇನ್ನೂ ನೋವಿನ ಸಂಗತಿ. ಇಲ್ಲಿ ನಾವು ವಿನಯದಿಂದ ಅವರೊಡನೆ ಭಿನ್ನಾಭಿಪ್ರಾಯವನ್ನು ತಾಳುತ್ತೇವೆ. ಯೇಸುಸ್ವಾಮಿ ನಿರ್ಜನ ಪ್ರದೇಶದಲ್ಲಿ ಐದು ಸಾವಿರ ಜನರಿಗೆ ರೊಟ್ಟಿಯನ್ನು ಹಂಚಿದಾಗ ಯಾರು ಬೋಧನೆಗಾಗಿ ಬಂದರು, ಯಾರು ಹಸಿವಿಗಾಗಿ ಬಂದರು ಎಂದು ಸಾಲು ಬೇರೆ ಮಾಡಲಿಲ್ಲ. ಹಸಿದವನು ಅನ್ನವಿದ್ದ ಕಡೆಗೆ ಬರುವುದು ಲಾಭಕೋರತನವಲ್ಲ. ಅಬ್ಬೆಯವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಸ್ನಾನ ಪಡೆದವರನ್ನು ಎಣಿಸಿದರು. ಸಾತಳ್ಳಿಯಲ್ಲಿ ಉಂಡವರನ್ನು ಎಣಿಸಲಿಲ್ಲ. ಮೂವತ್ತು ವರ್ಷ ಬಿಸಿಲಿನಲ್ಲಿ ನಡೆದು ದಣಿದ ಮನುಷ್ಯನ ನಿರಾಶೆಯೆಂದು ಅದನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ. ವಯಸ್ಸಾದ ಗುರುಗಳಿಗೆ ಇಂತಹ ಸಂಜೆಗಳು ಬರುವುದುಂಟು.

ಪ್ಯಾರಿಸ್ಸಿಗೆ ಮರಳಿದ ಅವರು ತಾವು ಹೊರಟಿದ್ದ ಅದೇ ಪ್ರೇಷಿತ ಗುರುಮಠದಲ್ಲಿ ನೆಲೆಸಿ ದೂರದೇಶಗಳಿಗೆ ಹೋಗುವ ಯುವಕರನ್ನು ಸಿದ್ಧಗೊಳಿಸಿದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1836ರಿಂದ 1839ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಪ್ರಸಾರ ಸಾಧ್ಯವಿಲ್ಲವೆಂದು ಬರೆದವರೇ ಪ್ರಸಾರಕ್ಕೆ ಹೋಗುವವರನ್ನು ವರ್ಷವರ್ಷವೂ ಕಳುಹಿಸಿಕೊಟ್ಟರೆಂಬುದನ್ನು ಅವರನ್ನು ಟೀಕಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. 1848ರ ಫೆಬ್ರವರಿ 17ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರೆಹೋದರು. ಐದು ದಿನಗಳ ಮೇಲೆ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಆರಂಭವಾಯಿತು.

ಅವರು ಸತ್ತು ಇಪ್ಪತ್ತೆಂಟು ವರ್ಷಗಳ ಮೇಲೆ, 1876ರಿಂದ 78ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾ ಬರಗಾಲ ಬಂದಿತು. ನಮ್ಮ ಸೀಮೆಯ ಅಜ್ಜಿಯರ ಬಾಯಲ್ಲಿ ಆ ಬರದ ಹೆಸರು ಬಹಳ ಕಾಲ ಉಳಿದಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಜನ 1881ರ ವೇಳೆಗೆ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿದ್ದರು. ಆಗ ಪ್ಯಾರಿಸ್ ಸಂಸ್ಥೆಯ ಗುರುಗಳು ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಸೇರಿಸಿಕೊಂಡು ಬೆಂಗಳೂರಿನ ಸುತ್ತಿನಲ್ಲಿ ಜಮೀನುಗಳನ್ನು ಪಡೆದು ಮರಿಯಾಪುರ, ಸಿಲುವೆಪುರ ಎಂಬ ಬೇಸಾಯದ ಊರುಗಳನ್ನು ಕಟ್ಟಿದರು. ಮೊದಲು ನೆಲ, ನೇಗಿಲು, ಬಾವಿ. ಆ ಮೇಲೆ ದೇವಾಲಯ. ದೊಡ್ಡ ಸ್ವಾಮಿಯವರು ಸಾತಳ್ಳಿಯಲ್ಲಿ ಹಾಕಿಕೊಟ್ಟಿದ್ದ ದಾರಿ ಅದು. ಆ ಮಕ್ಕಳ ಮೊಮ್ಮಕ್ಕಳ ಮಕ್ಕಳು ಇಂದಿಗೂ ಆ ಊರುಗಳಲ್ಲಿ ಉಳುತ್ತಿದ್ದಾರೆ.